ನ್ಯಾನೋ ಎಣ್ಣೆ ಬರುವ ಮೊದಲು ಕಾಗಾಲದ ಟಿಸಿಗೆ ಒಣ ಎಣ್ಣೆ ಸಿಗಲಿ

ಜೂನ್‌ನಲ್ಲಿ ಮೊದಲ ಜೋರು ಮಳೆ ಬಿದ್ದ ಕೂಡಲೇ ಕುಮಟಾ, ಹೊನ್ನಾವರ, ಭಟ್ಕಳ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮಾತು ಓಡಾಡಲು ಶುರುವಾಗುತ್ತದೆ: ಟಿಸಿ ಹೋಗಿದೆ, ಇವತ್ತು ಕರೆಂಟ್ ಬರೋದು ಡೌಟು. ಟಿಸಿ ಅಂದರೆ ಕಂಬದ ಮೇಲೆ ಕೂತಿರುವ ಟ್ರಾನ್ಸ್‌ಫಾರ್ಮರ್. ಅದು ಹೋದರೆ ಫ್ರಿಜ್ಜಿನಲ್ಲಿಟ್ಟ ಮೀನು ಹಾಳಾಗುತ್ತದೆ, ಬಾವಿಯ ಪಂಪು ನಿಲ್ಲುತ್ತದೆ, ಟವರಿನ ಬ್ಯಾಟರಿ ಮುಗಿದ ಮೇಲೆ ಮೊಬೈಲ್ ನೆಟ್‌ವರ್ಕೂ ಹೋಗುತ್ತದೆ. ಆಮೇಲೆ ಆ ವಾಟ್ಸಾಪ್ ಗ್ರೂಪೂ ಸುಮ್ಮನಾಗುತ್ತದೆ.

ಇನ್ನೊಂದು ಕಡೆ, ಸಂಶೋಧನಾ ಪತ್ರಿಕೆಗಳಲ್ಲಿ ಮತ್ತು ಸೆಮಿನಾರ್ ಹಾಲ್‌ಗಳಲ್ಲಿ, ಬೇರೆಯದೇ ಮಾತು ನಡೆಯುತ್ತಿದೆ. ಟ್ರಾನ್ಸ್‌ಫಾರ್ಮರಿನ ಎಣ್ಣೆಗೆ ನ್ಯಾನೋ ಕಣಗಳನ್ನು ಬೆರೆಸಿದರೆ ಅದು ಹೆಚ್ಚು ವೋಲ್ಟೇಜ್ ತಡೆಯುತ್ತದೆ, ಶಾಖವನ್ನು ಬೇಗ ಹೊರಗೆ ಹಾಕುತ್ತದೆ, ಟ್ರಾನ್ಸ್‌ಫಾರ್ಮರ್ ಹೆಚ್ಚು ವರ್ಷ ಬಾಳುತ್ತದೆ ಎಂಬ ಮಾತು. ನಮ್ಮ ದೇಶದ ಇಂಜಿನಿಯರಿಂಗ್ ಕಾಲೇಜುಗಳಲ್ಲೂ ಇದರ ಮೇಲೆ ವರ್ಷವರ್ಷ ಪ್ರಬಂಧಗಳು ಬರುತ್ತಿವೆ.

ಎರಡೂ ಮಾತು ನಿಜ. ಆದರೆ ಇವೆರಡನ್ನು ಪಕ್ಕಪಕ್ಕ ಇಟ್ಟು ಓದಿದಾಗ ಒಂದು ಪ್ರಶ್ನೆ ಏಳುತ್ತದೆ. ನಮ್ಮೂರ ಟಿಸಿ ಸುಡುತ್ತಿರುವುದು ಎಣ್ಣೆಯಲ್ಲಿ ನ್ಯಾನೋ ಕಣ ಇಲ್ಲ ಎಂಬ ಕಾರಣಕ್ಕಾ? ಇಲ್ಲ ಅಂತ ನಾನು ಹೇಳುತ್ತೇನೆ. ಇರುವ ಸಾದಾ ಎಣ್ಣೆಯನ್ನೇ ನಾವು ಒಣಗಿಸಿ ಇಟ್ಟುಕೊಳ್ಳುತ್ತಿಲ್ಲ. ಇದು ಮೇಲ್ನೋಟಕ್ಕೆ ತಾಂತ್ರಿಕ ವಿಷಯ. ಒಳಗೆ ಹೋದರೆ ಪಕ್ಕಾ ರಾಜಕೀಯ.

ಕಾಗಾಲ ಎಂಬ ಪರೀಕ್ಷಾ ಕೊಠಡಿ

ಕಾಗಾಲ ಕುಮಟಾ ತಾಲೂಕಿನ ಹಳ್ಳಿ. ಒಂದು ಕಡೆ ಅಘನಾಶಿನಿಯ ಅಳಿವೆ, ಇನ್ನೊಂದು ಕಡೆ ಹೆಚ್ಚು ದೂರವಿಲ್ಲದ ಅರಬ್ಬಿ ಸಮುದ್ರ. ನಡುವೆ ಗಜನಿ ಗದ್ದೆಗಳು. ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಿದ್ದ ನೆಲ ಇದು. ಹೊಳೆಯ ಆಚೆ ದಡದ ತದಡಿಯಲ್ಲಿ ಹಿಂದೊಮ್ಮೆ 4,000 ಮೆಗಾವ್ಯಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮಾಡುವ ಪ್ರಸ್ತಾವ ಇತ್ತು. ಜನ ವಿರೋಧಿಸಿದರು, ಯೋಜನೆ ಬಿದ್ದುಹೋಯಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಮಾನ್ಯತೆ.

ಮನುಷ್ಯರಿಗೆ ಚಂದದ ಜಾಗ. ಟ್ರಾನ್ಸ್‌ಫಾರ್ಮರಿಗೆ ಮಾತ್ರ ನರಕ. ಗಾಳಿಯಲ್ಲಿ ಉಪ್ಪಿದೆ. ಅದು ಟಿಸಿಯ ಮೇಲಿರುವ ಪಿಂಗಾಣಿ ಬುಶಿಂಗಿನ ಮೇಲೆ ಪದರ ಕಟ್ಟುತ್ತದೆ. ಒಣಗಿದ್ದಾಗ ಅದರಿಂದ ತೊಂದರೆ ಇಲ್ಲ. ಮೊದಲ ಮಳೆಯ ಹನಿಯೋ ಬೆಳಗಿನ ಇಬ್ಬನಿಯೋ ಬಿದ್ದರೆ ಅದೇ ಉಪ್ಪು ಕರೆಂಟ್ ಹರಿಯುವ ದಾರಿಯಾಗುತ್ತದೆ, ಬುಶಿಂಗಿನ ಮೈಮೇಲೆ ಕಿಡಿ ಓಡುತ್ತದೆ. ಟ್ಯಾಂಕಿನ ತಗಡು, ಶಾಖ ಬಿಡುವ ರೆಕ್ಕೆಗಳು, ಬೋಲ್ಟುಗಳು ತುಕ್ಕು ಹಿಡಿಯುತ್ತವೆ. ತುಕ್ಕು ಹಿಡಿದಲ್ಲಿ ಎಣ್ಣೆ ಸೋರುತ್ತದೆ. ಎಣ್ಣೆ ಹೊರಗೆ ಬರುವ ತೂತಿನಲ್ಲೇ ನೀರು ಒಳಗೂ ಹೋಗುತ್ತದೆ. ಈ ಭಾಗದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ ಅನ್ನುವುದನ್ನು ನೆನಪಿಡಿ.

ಇದರ ಮೇಲೆ ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ, ಮತ್ತೆ ಅಕ್ಟೋಬರಿನದ್ದು. ಸಿಡಿಲಿನ ಹೊಡೆತವನ್ನು ಭೂಮಿಗೆ ಇಳಿಸಲು ಒಳ್ಳೆಯ ಅರ್ಥಿಂಗ್ ಬೇಕು. ಗುಡ್ಡದ ಮೇಲೆ ಚಿರೆಕಲ್ಲಿನ ನೆಲ, ಬೇಸಿಗೆಯಲ್ಲಿ ಒಣಗಿ ಕರೆಂಟನ್ನು ಸರಿಯಾಗಿ ಇಳಿಸಿಕೊಳ್ಳುವುದಿಲ್ಲ. ಗಜನಿ ಕಡೆಯ ಉಪ್ಪು ಮಣ್ಣು ಚೆನ್ನಾಗಿ ಇಳಿಸಿಕೊಳ್ಳುತ್ತದೆ, ಆದರೆ ಅರ್ಥಿಂಗ್ ಪಟ್ಟಿಯನ್ನೇ ತಿಂದುಹಾಕುತ್ತದೆ. ಧಾರವಾಡದ ಬಯಲಿಗೆ ಹೊಂದುವ ಟಿಸಿ ಕಾಗಾಲಕ್ಕೂ ಹೊಂದಬೇಕು ಅಂತ ಯಾವ ನಿಯಮವೂ ಇಲ್ಲ. ಆದರೆ ಎರಡೂ ಕಡೆಗೂ ಒಂದೇ ಹೆಸ್ಕಾಂ.

ಎಣ್ಣೆಗೆ ಎರಡು ಕೆಲಸ

ನಾನು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿ ಆಮೇಲೆ ಪತ್ರಿಕೋದ್ಯಮಕ್ಕೆ ಬಂದವನು. ಓದಿದ್ದರಲ್ಲಿ ಬಹಳಷ್ಟು ಮರೆತಿದೆ, ಹೈವೋಲ್ಟೇಜ್ ಲ್ಯಾಬಿನ ಒಂದು ಪರೀಕ್ಷೆ ಮಾತ್ರ ಮರೆತಿಲ್ಲ. ಒಂದು ಸಣ್ಣ ಪಾತ್ರೆಯಲ್ಲಿ ಟ್ರಾನ್ಸ್‌ಫಾರ್ಮರ್ ಎಣ್ಣೆ. ಅದರೊಳಗೆ ಎದುರುಬದುರು ಎರಡು ಲೋಹದ ಗುಂಡು, ನಡುವೆ 2.5 ಮಿಲಿಮೀಟರ್ ಅಂತರ. ವೋಲ್ಟೇಜನ್ನು ನಿಧಾನಕ್ಕೆ ಏರಿಸುತ್ತಾ ಹೋಗಬೇಕು. ಒಂದು ಹಂತದಲ್ಲಿ ಚಟ್ ಅಂತ ಕಿಡಿ ಹಾರುತ್ತದೆ. ಆ ಕ್ಷಣದ ಅಂಕಿಯೇ ಎಣ್ಣೆಯ ಬ್ರೇಕ್‌ಡೌನ್ ವೋಲ್ಟೇಜ್, ಲ್ಯಾಬಿನ ಭಾಷೆಯಲ್ಲಿ ಬಿಡಿವಿ. ಆರು ಸಲ ಮಾಡಿ ಸರಾಸರಿ ತೆಗೆಯುತ್ತಾರೆ. ಹಳ್ಳಿ ಟಿಸಿಯ ಎಣ್ಣೆ ಹತ್ತಿರ ಹತ್ತಿರ 30 ಕಿಲೋವೋಲ್ಟ್ ತಡೆದರೆ ಪರವಾಗಿಲ್ಲ. ಚೆನ್ನಾಗಿ ಫಿಲ್ಟರ್ ಮಾಡಿ ಒಣಗಿಸಿದ ಹೊಸ ಎಣ್ಣೆ ಅದರ ಎರಡು ಪಟ್ಟು ತಡೆಯುತ್ತದೆ.

ಎಣ್ಣೆಗೆ ಇಲ್ಲಿ ಎರಡು ಕೆಲಸ. ಮೊದಲನೆಯದು ತಡೆಯುವುದು. ಟಿಸಿಯೊಳಗೆ ಒಂದು ಬದಿ 11 ಸಾವಿರ ವೋಲ್ಟ್, ಇನ್ನೊಂದು ಬದಿ ಮನೆಗೆ ಬರುವ 230. ಎರಡರ ತಂತಿ ಸುರುಳಿಗಳಿಗೆ ಕಾಗದ ಸುತ್ತಿರುತ್ತಾರೆ, ಕಾಗದದ ಸುತ್ತ ಎಣ್ಣೆ. ಒಂದು ಬದಿಯ ವೋಲ್ಟೇಜ್ ಇನ್ನೊಂದಕ್ಕೆ ಹಾರದ ಹಾಗೆ ಕಾಯುವುದು ಈ ಕಾಗದ ಮತ್ತು ಎಣ್ಣೆ. ಎರಡನೆಯ ಕೆಲಸ ತಣಿಸುವುದು. ಸುರುಳಿಯ ಶಾಖವನ್ನು ಎಣ್ಣೆ ಹೊತ್ತುಕೊಂಡು ಮೇಲೇರಿ, ರೆಕ್ಕೆಗಳಲ್ಲಿ ಇಳಿಯುತ್ತಾ ಗಾಳಿಗೆ ಬಿಡುತ್ತದೆ. ಈ ಎರಡನೆಯ ಕೆಲಸದಲ್ಲಿ ಎಣ್ಣೆ ಅಷ್ಟೇನೂ ಜಾಣನಲ್ಲ. ಅದರ ಶಾಖ ಸಾಗಿಸುವ ಗುಣ ನೀರಿನ ಐದನೇ ಒಂದರಷ್ಟು. ಕಾಗದಕ್ಕೆ ಶಾಖ ತಡೆಯುವುದಿಲ್ಲ. ಸುರುಳಿಯ ಅತಿ ಬಿಸಿ ಜಾಗದ ಉಷ್ಣತೆ ಮಿತಿಗಿಂತ ಸುಮಾರು 6 ಡಿಗ್ರಿ ಹೆಚ್ಚಾದರೆ ಸಾಕು, ಕಾಗದ ಮುದಿಯಾಗುವ ವೇಗ ಎರಡು ಪಟ್ಟಾಗುತ್ತದೆ.

ಎಣ್ಣೆಯ ದೊಡ್ಡ ಶತ್ರು ನೀರು. ಹತ್ತು ಲಕ್ಷ ಭಾಗ ಎಣ್ಣೆಗೆ ಕೆಲವು ಹತ್ತು ಭಾಗ ನೀರು ಸೇರಿದರೂ ಬಿಡಿವಿ ಕುಸಿಯುತ್ತದೆ. ನೀರು ಬರುವುದೆಲ್ಲಿಂದ? ಟಿಸಿ ಉಸಿರಾಡುತ್ತದೆ. ಇದು ಅಲಂಕಾರದ ಮಾತಲ್ಲ. ಹಗಲು ಲೋಡ್ ಏರಿದಾಗ ಎಣ್ಣೆ ಬಿಸಿಯಾಗಿ ಹಿಗ್ಗುತ್ತದೆ, ಒಳಗಿನ ಗಾಳಿ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಎಣ್ಣೆ ಕುಗ್ಗುತ್ತದೆ, ಹೊರಗಿನ ಗಾಳಿ ಒಳಗೆ ಬರುತ್ತದೆ. ಆ ಗಾಳಿಯ ತೇವ ಹೀರಲು ಬ್ರೀದರ್ ಅಂತ ಒಂದು ಡಬ್ಬಿ ಇರುತ್ತದೆ, ಅದರೊಳಗೆ ನೀಲಿ ಬಣ್ಣದ ಸಿಲಿಕಾ ಜೆಲ್ ಹರಳು. ತೇವ ಕುಡಿದು ತುಂಬಿದ ಮೇಲೆ ಹರಳು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬದಲಿಸಿ ಅಂತ ಅದೇ ಸೂಚನೆ. ಜುಲೈ ತಿಂಗಳ ರಾತ್ರಿ ಕಾಗಾಲದ ಗಾಳಿಯಲ್ಲಿ ಎಷ್ಟು ತೇವ ಇರುತ್ತದೆ ಎಂದು ಅಲ್ಲಿ ಬಟ್ಟೆ ಒಣಗಿಸಲು ನೋಡಿದ ಯಾರನ್ನಾದರೂ ಕೇಳಿ. ನಿಮ್ಮೂರ ಟಿಸಿಯ ಹರಳು ಈಗ ಯಾವ ಬಣ್ಣದಲ್ಲಿದೆ, ದೂರದಿಂದಲೇ ನೋಡಿ ಬನ್ನಿ.

ನ್ಯಾನೋ ಕಣದ ಕೆಲಸ

ಈಗ ನ್ಯಾನೋ ವಿಷಯಕ್ಕೆ ಬರೋಣ. ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ ಅಂದರೆ ನ್ಯಾನೋಮೀಟರ್. ಕೆಲವು ಹತ್ತು ನ್ಯಾನೋಮೀಟರ್ ಗಾತ್ರದ ಕಬ್ಬಿಣದ ಆಕ್ಸೈಡ್, ಟೈಟಾನಿಯಂ ಆಕ್ಸೈಡ್, ಅಲ್ಯುಮಿನಾ, ಸಿಲಿಕಾದಂಥ ಕಣಗಳನ್ನು ಎಣ್ಣೆಯಲ್ಲಿ ತೇಲಿಸುವುದು ಈ ವಿಧಾನ. ಇಂಥ ದ್ರವಗಳಿಗೆ ನ್ಯಾನೋಫ್ಲೂಯಿಡ್ ಎಂಬ ಹೆಸರು ಕೊಟ್ಟದ್ದು ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಸ್ಟೀಫನ್ ಚೋಯ್, 1995ರಲ್ಲಿ.

1998ರಲ್ಲಿ ವಿ. ಸೀಗಲ್ ಮತ್ತು ಸಂಗಡಿಗರು ಟ್ರಾನ್ಸ್‌ಫಾರ್ಮರ್ ಎಣ್ಣೆಗೆ ಮ್ಯಾಗ್ನೆಟೈಟ್ ಕಣ ಬೆರೆಸಿ ನೋಡಿದರು. ಸಿಡಿಲಿನಂಥ ಕ್ಷಣಿಕ ಹೊಡೆತವನ್ನು ಅನುಕರಿಸುವ ಪರೀಕ್ಷೆಯಲ್ಲಿ, ಧನ ವೋಲ್ಟೇಜಿಗೆ ಎಣ್ಣೆ ತಡೆಯುವ ಮಿತಿ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಇದು ಎಲ್ಲರಿಗೂ ವಿಚಿತ್ರ ಅನ್ನಿಸಿತು. ಎಣ್ಣೆಯಲ್ಲಿ ಕಸ ಇರಬಾರದು, ಅದರಲ್ಲೂ ಕರೆಂಟ್ ಹರಿಸುವ ಕಸ ಇರಲೇಬಾರದು ಎಂಬುದು ಅಲ್ಲಿಯವರೆಗಿನ ಪಾಠ. ಮ್ಯಾಗ್ನೆಟೈಟ್ ಕರೆಂಟ್ ಹರಿಸುವ ವಸ್ತು.

2010ರಲ್ಲಿ ಎಂಐಟಿಯ ಮಾರ್ಕಸ್ ಝಾನ್ ತಂಡದವರು ಇದಕ್ಕೊಂದು ವಿವರಣೆ ಕೊಟ್ಟರು. ಎಣ್ಣೆಯಲ್ಲಿ ಕಿಡಿ ಹಾರುವ ಮೊದಲು ಮರದ ಕೊಂಬೆಯಂಥ ಒಂದು ದಾರಿ ಬೆಳೆಯುತ್ತದೆ. ಅದನ್ನು ಬೆಳೆಸುವುದು ವೇಗವಾಗಿ ಓಡುವ ಎಲೆಕ್ಟ್ರಾನುಗಳು. ನ್ಯಾನೋ ಕಣ ಆ ಎಲೆಕ್ಟ್ರಾನುಗಳನ್ನು ಹಿಡಿದುಕೊಳ್ಳುತ್ತದೆ. ಹಗುರ ಎಲೆಕ್ಟ್ರಾನ್ ಈಗ ಭಾರದ ಕಣದ ಬೆನ್ನೇರಿ ಕೂತಂತಾಯಿತು, ವೇಗ ಬಿತ್ತು. ಕೊಂಬೆ ಬೆಳೆಯುವುದು ನಿಧಾನವಾಯಿತು. ಕ್ಷಣದ ಲಕ್ಷಾಂತರ ಭಾಗದಲ್ಲಿ ಮುಗಿಯುವ ಸಿಡಿಲ ಹೊಡೆತಕ್ಕೆ ಆ ನಿಧಾನವೇ ರಕ್ಷಣೆ.

ತಣಿಸುವ ವಿಷಯದಲ್ಲೂ ಆಸೆ ಹುಟ್ಟಿಸುವ ಕೆಲಸ ಆಗಿದೆ. ಕೇರಳ ಮೂಲದ ಪುಳಿಕ್ಕಲ್ ಅಜಯನ್ ಅವರ ತಂಡ ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ಬೋರಾನ್ ನೈಟ್ರೈಡಿನ ತೆಳು ಹಾಳೆಗಳನ್ನು ಎಣ್ಣೆಗೆ ಬೆರೆಸಿ, ಅದರ ಶಾಖ ಸಾಗಿಸುವ ಗುಣವನ್ನು ಗಣನೀಯವಾಗಿ ಹೆಚ್ಚಿಸಿದ ಪ್ರಬಂಧ 2012ರಲ್ಲಿ ಬಂತು. ಬೋರಾನ್ ನೈಟ್ರೈಡ್ ಶಾಖ ಸಾಗಿಸುತ್ತದೆ, ಕರೆಂಟ್ ಸಾಗಿಸುವುದಿಲ್ಲ. ಟ್ರಾನ್ಸ್‌ಫಾರ್ಮರಿಗೆ ಬೇಕಾದದ್ದು ಅದೇ ಜೋಡಿ ಗುಣ.

ಹೀಗಾಗಿ ಇದನ್ನು ಹುಸಿ ವಿಜ್ಞಾನ ಅಂತ ತಳ್ಳಿಹಾಕುವ ಹಾಗಿಲ್ಲ. ಸಿಡಿಲಿಗೆ ಬೆಚ್ಚುವ, ಶಾಖಕ್ಕೆ ಬೇಯುವ ಕರಾವಳಿಯ ಟಿಸಿಗೆ ಇದೇ ಮದ್ದು ಅಂತ ಯಾರಿಗಾದರೂ ಅನ್ನಿಸಿದರೆ ಆಶ್ಚರ್ಯವೂ ಇಲ್ಲ.

ಲ್ಯಾಬಿನಿಂದ ಕಂಬದವರೆಗೆ

ಆದರೆ ಅದೇ ಪ್ರಬಂಧಗಳನ್ನು ಪೂರ್ತಿ ಓದಬೇಕು. ಸೀಗಲ್ ತಂಡದ ಪ್ರಯೋಗದಲ್ಲಿ ಧನ ವೋಲ್ಟೇಜಿಗೆ ಅಷ್ಟು ಲಾಭವಾದ ಎಣ್ಣೆ, ಋಣ ವೋಲ್ಟೇಜಿಗೆ ಸ್ವಲ್ಪ ಹಿಂದೆಯೇ ಬಿದ್ದಿತ್ತು. ಕಣದ ಪ್ರಮಾಣ ಒಂದು ಮಿತಿ ದಾಟಿದರೆ ಬಿಡಿವಿ ಏರುವ ಬದಲು ಇಳಿಯುತ್ತದೆ ಎಂದು ಅನೇಕ ಪ್ರಯೋಗಗಳು ತೋರಿಸಿವೆ. ಶಾಖದ ವಿಷಯದಲ್ಲಿ 2009ರಲ್ಲಿ ಒಂದು ದೊಡ್ಡ ಪಂಚಾಯಿತಿಯೇ ನಡೆಯಿತು. ಜಗತ್ತಿನ 30ಕ್ಕೂ ಹೆಚ್ಚು ಸಂಸ್ಥೆಗಳು ಒಂದೇ ಬಗೆಯ ನ್ಯಾನೋಫ್ಲೂಯಿಡ್ ಮಾದರಿಗಳನ್ನು ಹಂಚಿಕೊಂಡು, ತಮ್ಮ ತಮ್ಮ ಲ್ಯಾಬಿನಲ್ಲಿ ಅಳೆದವು. ಬಂದ ಉತ್ತರ: ಪವಾಡ ಏನೂ ಇಲ್ಲ, ಹಳೆಯ ಸಿದ್ಧಾಂತ ಹೇಳುವಷ್ಟೇ ಹೆಚ್ಚಳ ಇದೆ. ಆಮೇಲೂ ಬೇರೆ ಬೇರೆ ವಸ್ತುಗಳಲ್ಲಿ ಬೇರೆ ಫಲಿತಾಂಶ ಬಂದಿವೆ. ಆದರೆ ಒಂದು ಲ್ಯಾಬಿನ ಒಂದು ಅಂಕಿ ಹಿಡಿದು ಟೆಂಡರ್ ಬರೆಯಬಾರದು ಎಂಬ ಪಾಠ ಅಲ್ಲೇ ಇದೆ.

ಇನ್ನು ಕಂಬದ ಮೇಲಿನ ಕಷ್ಟ ಬೇರೆ. ನ್ಯಾನೋ ಕಣಗಳು ಒಂಟಿಯಾಗಿ ಇರಲು ಒಪ್ಪುವುದಿಲ್ಲ, ಒಂದಕ್ಕೊಂದು ಅಂಟಿ ಗುಂಪಾಗಿ ತಳಕ್ಕೆ ಇಳಿಯುತ್ತವೆ. ಅವು ಅಂಟದಂತೆ ಓಲಿಕ್ ಆಮ್ಲದಂಥ ಲೇಪ ಕೊಡುತ್ತಾರೆ. ಲ್ಯಾಬಿನಲ್ಲಿ ಕೆಲವು ವಾರ, ಕೆಲವು ತಿಂಗಳು ಚೆನ್ನಾಗಿ ತೇಲುತ್ತವೆ. ಟಿಸಿ ಬದುಕಬೇಕಾದದ್ದು ಇಪ್ಪತ್ತು ಇಪ್ಪತ್ತೈದು ವರ್ಷ. ದಿನಾ ಬಿಸಿಯಾಗಿ ತಣ್ಣಗಾಗುವ, ನೀರು ಸೇರುವ, ಕಾಗದದ ಚೂರು ಉದುರುವ ಎಣ್ಣೆಯಲ್ಲಿ ಆ ಲೇಪ ಅಷ್ಟು ಕಾಲ ಉಳಿಯುತ್ತದಾ? ಗುಂಪಾಗಿ ಸುರುಳಿಯ ಮೇಲೆ ಕೂತ ಕಣ ರಕ್ಷಣೆಯಲ್ಲ, ದೋಷ.

ಎಣ್ಣೆ ಹಾಳಾದಾಗ ನಮ್ಮಲ್ಲಿ ಮಾಡುವುದು ಏನು? ಫಿಲ್ಟರ್ ಯಂತ್ರದಲ್ಲಿ ಹಾಯಿಸಿ, ಬಿಸಿ ಮಾಡಿ, ನೀರು ಮತ್ತು ಕಸ ತೆಗೆಯುತ್ತಾರೆ. ಆ ಯಂತ್ರಕ್ಕೆ ಗುಂಪುಗೂಡಿದ ನ್ಯಾನೋ ಕಣವೂ ಕಸವೇ. ಅಂದರೆ ದುಬಾರಿ ಎಣ್ಣೆಯನ್ನು ಒಮ್ಮೆ ಫಿಲ್ಟರ್ ಮಾಡಿದರೆ ಯಾವುದಕ್ಕೆ ದುಡ್ಡು ಕೊಟ್ಟಿದ್ದೆವೋ ಅದರ ಒಂದು ಪಾಲು ಫಿಲ್ಟರಿನಲ್ಲಿ ಉಳಿಯುತ್ತದೆ. ಭಾರತದ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಮಾನದಂಡ ಐಎಸ್ 335. ಎಣ್ಣೆ ತಿಳಿಯಾಗಿರಬೇಕು, ಪಾರದರ್ಶಕವಾಗಿರಬೇಕು, ತೇಲುವ ಕಣ ಇರಬಾರದು ಅಂತ ಅದು ಹೇಳುತ್ತದೆ. ನ್ಯಾನೋ ಎಣ್ಣೆ ಅಂದರೇ ತೇಲುವ ಕಣ. ಕಪ್ಪು ಮ್ಯಾಗ್ನೆಟೈಟ್ ಬೆರೆತ ಎಣ್ಣೆಯನ್ನು ಲೈನ್‌ಮ್ಯಾನ್ ನೋಡಿದರೆ, ಇದು ಸುಟ್ಟ ಎಣ್ಣೆಯೋ ಹೊಸ ಎಣ್ಣೆಯೋ ಹೇಗೆ ಹೇಳಬೇಕು?

ಮತ್ತೆ ಸೋರಿಕೆ. ತುಕ್ಕು ಹಿಡಿದ ಟ್ಯಾಂಕಿನಿಂದ ಸೋರಿದ ಎಣ್ಣೆ ಕಾಗಾಲದಂಥ ಊರಿನಲ್ಲಿ ಹೋಗುವುದು ಗಜನಿಗೆ, ಅಲ್ಲಿಂದ ಹೊಳೆಗೆ. ಆ ಹೊಳೆಯಲ್ಲಿ ಚಿಪ್ಪಿಕಲ್ಲು ಹೆಕ್ಕಿ ಬದುಕುವ ಕುಟುಂಬಗಳಿವೆ. ಚಿಪ್ಪಿಯ ಜೀವ ನೀರನ್ನು ಸೋಸಿ ತಿನ್ನುತ್ತದೆ. ನೀರಿನಲ್ಲಿ ಏನಿದೆಯೋ ಅದು ಅದರ ಮೈಗೆ ಬರುತ್ತದೆ. ಸಾದಾ ಖನಿಜ ಎಣ್ಣೆಯೇ ಅಲ್ಲಿ ಬೀಳಬಾರದು. ಲೋಹದ ಆಕ್ಸೈಡ್ ಕಣ ಬೆರೆಸಿದ ಎಣ್ಣೆಯನ್ನು ರಾಮ್ಸಾರ್ ಜಾಗದ ಅಂಚಿನಲ್ಲಿ ತೂಗುಹಾಕುವ ಮೊದಲು ಯಾರಾದರೂ ಇದಕ್ಕೆ ಉತ್ತರ ಕೊಡಬೇಕು.

ಹಾಗಾದರೆ ಟಿಸಿ ಸಾಯುವುದು ಯಾಕೆ?

ಭಾರತದಲ್ಲಿ ವಿತರಣಾ ಟ್ರಾನ್ಸ್‌ಫಾರ್ಮರುಗಳು ಸುಡುವ ಪ್ರಮಾಣ ಮುಂದುವರಿದ ದೇಶಗಳಿಗಿಂತ ಬಹಳ ಹೆಚ್ಚು. ಅಲ್ಲಿನ ಎಣ್ಣೆಯಲ್ಲಿ ನ್ಯಾನೋ ಕಣ ಇಲ್ಲ. ನಮ್ಮ ಎಣ್ಣೆಯೇ ಅಲ್ಲೂ ಇದೆ. ವ್ಯತ್ಯಾಸ ಬೇರೆಡೆ ಇದೆ, ಮತ್ತು ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಎಲ್ಲರಿಗೂ ಅದು ಗೊತ್ತು.

63 ಕೆವಿಎ ಟಿಸಿ ಹಾಕುವಾಗ ಇದ್ದ ಮನೆಗಳೆಷ್ಟು, ಈಗ ಎಷ್ಟು? ಆಗ ಬಲ್ಬು, ಫ್ಯಾನು. ಈಗ ಫ್ರಿಜ್ಜು, ಗೀಸರು, ಎಸಿ, ಹೋಮ್‌ಸ್ಟೇ. ಮೂರು ಫೇಸಿನಲ್ಲಿ ಒಂದಕ್ಕೇ ಹೆಚ್ಚು ಮನೆ ಜೋಡಿಸಿದರೆ ಆ ಒಂದು ಸುರುಳಿ ಬೇಯುತ್ತದೆ. ಫ್ಯೂಸ್ ಪದೇಪದೇ ಹೋಗುತ್ತದೆ ಅಂತ ದಪ್ಪ ತಂತಿ ಸುತ್ತಿದರೆ ಫ್ಯೂಸಿನ ಬದಲು ಟಿಸಿಯೇ ಫ್ಯೂಸ್ ಆಗುತ್ತದೆ. ಲೈಟ್ನಿಂಗ್ ಅರೆಸ್ಟರ್ ಕೆಟ್ಟಿದ್ದರೆ, ಅರ್ಥಿಂಗ್ ಪಟ್ಟಿ ತುಕ್ಕು ಹಿಡಿದು ತುಂಡಾಗಿದ್ದರೆ, ಸಿಡಿಲಿಗೆ ಬೇರೆ ದಾರಿ ಇರುವುದಿಲ್ಲ. ಬ್ರೀದರಿನ ಹರಳು ಗುಲಾಬಿಯಾಗಿ ವರ್ಷವಾಗಿದ್ದರೆ ಎಣ್ಣೆ ಪ್ರತಿ ರಾತ್ರಿ ನೀರು ಕುಡಿಯುತ್ತದೆ. ಸುಟ್ಟ ಟಿಸಿಯನ್ನು ರಿಪೇರಿಗೆ ಒಯ್ದು, ಯಾಕೆ ಸುಟ್ಟಿತು ಅಂತ ಬರೆದಿಡದೆ ಹಿಂದೆ ತಂದು ಅದೇ ಕಂಬಕ್ಕೆ ಏರಿಸಿದರೆ ಅದೇ ಕಾರಣಕ್ಕೆ ಮತ್ತೆ ಸುಡುತ್ತದೆ.

ಇದರ ಬೆಲೆ ಬರೀ ಕತ್ತಲೆಯಲ್ಲ. 2022ರ ಮಾರ್ಚಿನಲ್ಲಿ ಬೆಂಗಳೂರಿನ ಜ್ಞಾನಭಾರತಿ ಕಡೆ ರಸ್ತೆಬದಿಯ ಟ್ರಾನ್ಸ್‌ಫಾರ್ಮರ್ ಸ್ಫೋಟಿಸಿ, ಕುದಿಯುವ ಎಣ್ಣೆ ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಂದೆ ಮತ್ತು ಮಗಳ ಮೇಲೆ ಬಿತ್ತು. ಇಬ್ಬರೂ ಉಳಿಯಲಿಲ್ಲ. ಮಳೆಯಲ್ಲಿ ಕಂಬ ಹತ್ತುವ ಲೈನ್‌ಮ್ಯಾನ್‌ಗಳ ಸಾವು ನೋವು ಜಿಲ್ಲಾ ಪುಟದ ಸಣ್ಣ ಸುದ್ದಿಯಾಗಿ ಮುಗಿಯುತ್ತದೆ.

ಕರಾವಳಿಗೆ ಮದ್ದು ಇದೆ, ಅದೇನೂ ಹೊಸದಲ್ಲ. ಹೊರಗಿನ ಗಾಳಿ ಒಳಗೆ ಬಾರದ ಸೀಲ್ಡ್ ಟ್ಯಾಂಕಿನ ಟ್ರಾನ್ಸ್‌ಫಾರ್ಮರುಗಳಿವೆ. ವಿತರಣಾ ಟ್ರಾನ್ಸ್‌ಫಾರ್ಮರಿನ ಭಾರತೀಯ ಮಾನದಂಡ ಐಎಸ್ 1180ರಲ್ಲೇ ಅದಕ್ಕೆ ಜಾಗ ಇದೆ. ಉಪ್ಪಿನ ಗಾಳಿಗೆಂದೇ ಮೈ ಉದ್ದ ಹೆಚ್ಚಿರುವ ಬುಶಿಂಗ್ ಇದೆ. ಅತಿ ಮಲಿನ ಪ್ರದೇಶಕ್ಕೆ ಪ್ರತಿ ಕಿಲೋವೋಲ್ಟಿಗೆ 31 ಮಿಲಿಮೀಟರ್ ಎಂಬುದು ತಂತ್ರಜ್ಞರು ಬಳಸುವ ಲೆಕ್ಕ. ನೀರು ಅಂಟದ ಸಿಲಿಕೋನ್ ಇನ್ಸುಲೇಟರ್ ಇದೆ. ಸತು ಲೇಪಿಸಿದ ಟ್ಯಾಂಕ್ ಇದೆ. ಮಳೆಗೆ ಮುಂಚೆ ಬುಶಿಂಗ್ ತೊಳೆದು, ಹರಳು ಬದಲಿಸಿ, ಎಣ್ಣೆಯ ಬಿಡಿವಿ ನೋಡಿ, ಅರ್ಥಿಂಗ್ ಅಳೆಯುವುದಕ್ಕೆ ಯಾವ ಆವಿಷ್ಕಾರವೂ ಬೇಡ. ಎರಡು ಜನ, ಒಂದು ಜೀಪು, ಒಂದು ಪರೀಕ್ಷಾ ಪೆಟ್ಟಿಗೆ, ಮತ್ತು ಬರೆದಿಡುವ ಅಭ್ಯಾಸ ಬೇಕು.

ಇದನ್ನು ಹೇಳಿದರೆ ಕೆಲವರು ನನ್ನನ್ನು ತಂತ್ರಜ್ಞಾನ ವಿರೋಧಿ ಅನ್ನುತ್ತಾರೆ. ನ್ಯಾನೋ ಎಣ್ಣೆಗೆ ಜಾಗ ಇದೆ. ದೊಡ್ಡ ಸಬ್‌ಸ್ಟೇಷನ್ನಿನಲ್ಲಿ ಕೋಟಿಗಟ್ಟಲೆ ಬೆಲೆಯ ಪವರ್ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಅದರ ಎಣ್ಣೆಯನ್ನು ಕಾಲಕಾಲಕ್ಕೆ ಪರೀಕ್ಷಿಸುತ್ತಾರೆ, ನೋಡಿಕೊಳ್ಳಲು ಇಂಜಿನಿಯರ್ ಇರುತ್ತಾರೆ. ಪ್ರಯೋಗ ಶುರುವಾಗಬೇಕಾದದ್ದು ಅಲ್ಲಿ. ಯಾರೂ ಎಣ್ಣೆ ತೆಗೆದು ನೋಡದ ಹಳ್ಳಿ ಟಿಸಿಗೆ ಇನ್ನಷ್ಟು ನಾಜೂಕಿನ ಎಣ್ಣೆ ತುಂಬುವುದು, ಸೋರುವ ಮಾಡಿಗೆ ದುಬಾರಿ ಬಣ್ಣ ಬಳಿದಂತೆ.

ಮೆಗಾವ್ಯಾಟ್ ಜಿಲ್ಲೆಯ ಕತ್ತಲೆ

ಈಗ ರಾಜಕೀಯಕ್ಕೆ ಬರುತ್ತೇನೆ. ಉತ್ತರ ಕನ್ನಡ ವಿದ್ಯುತ್ ಕೊಡುವ ಜಿಲ್ಲೆ. ಕೈಗಾದಲ್ಲಿ 880 ಮೆಗಾವ್ಯಾಟ್ ಅಣು ವಿದ್ಯುತ್ ಇದೆ, ಮೇಲೆ ಇನ್ನೆರಡು 700 ಮೆಗಾವ್ಯಾಟ್ ಘಟಕಗಳ ಕೆಲಸ ನಡೆದಿದೆ. ಕಾಳಿ ಕಣಿವೆಯಲ್ಲಿ ಸಾಲು ಅಣೆಕಟ್ಟು. ಹೊನ್ನಾವರ ತಾಲೂಕಿನ ಗೇರುಸೊಪ್ಪದಲ್ಲಿ 240 ಮೆಗಾವ್ಯಾಟ್. ಅದೇ ಗೇರುಸೊಪ್ಪದಿಂದ ತಲಕಳಲೆಗೆ ನೀರೆತ್ತುವ 2,000 ಮೆಗಾವ್ಯಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಸರ್ಕಾರ ಮುಂದೊತ್ತುತ್ತಿದೆ, ಹೊನ್ನಾವರ ಮತ್ತು ಸಾಗರ ಕಡೆಯ ಜನ ವಿರೋಧಿಸುತ್ತಿದ್ದಾರೆ. ಮುಳುಗಡೆ, ಕಾಡು, ಅಪಾಯ ಎಲ್ಲ ಇಲ್ಲಿ. ಈ ಜಿಲ್ಲೆಯ ಕರಾವಳಿ ಹಳ್ಳಿ ಮಳೆಗಾಲದಲ್ಲಿ ಒಂದು ಟಿಸಿಗಾಗಿ ಕಾಯುತ್ತದೆ.

ನಮ್ಮ ವಿದ್ಯುತ್ ಚರ್ಚೆ ಎರಡೇ ತುದಿಯಲ್ಲಿ ನಡೆಯುತ್ತದೆ. ಒಂದು ತುದಿಯಲ್ಲಿ ಉತ್ಪಾದನೆ: ಎಷ್ಟು ಮೆಗಾವ್ಯಾಟ್, ಯಾವ ಕಣಿವೆ. ಇನ್ನೊಂದು ತುದಿಯಲ್ಲಿ ಬಿಲ್ಲು: 2023ರಲ್ಲಿ ಬಂದ ಗೃಹಜ್ಯೋತಿಯ 200 ಯೂನಿಟ್, ಸ್ಮಾರ್ಟ್ ಮೀಟರ್ ಗಲಾಟೆ. ಎರಡೂ ಮುಖ್ಯ. ಗೃಹಜ್ಯೋತಿ ಬಡ ಮನೆಗಳಿಗೆ ನಿಜವಾದ ಉಸಿರು ಕೊಟ್ಟಿದೆ. ಆದರೆ ನಡುವೆ ನಿಂತಿರುವ, ಮೆಗಾವ್ಯಾಟನ್ನು ಯೂನಿಟ್ಟಾಗಿ ಬದಲಿಸುವ ಆ ತುಕ್ಕು ಹಿಡಿದ ಡಬ್ಬಿಯ ಬಗ್ಗೆ ಯಾವ ಪ್ರಣಾಳಿಕೆಯೂ ಬರೆಯುವುದಿಲ್ಲ. ಕರೆಂಟೇ ಇಲ್ಲದ ದಿನ ಉಚಿತ ಯೂನಿಟ್ಟಿಗೆ ಅರ್ಥವೂ ಇಲ್ಲ. ಕೇಂದ್ರ ಸರ್ಕಾರ 2021ರಲ್ಲಿ ವಿತರಣಾ ವಲಯದ ಸುಧಾರಣೆಗೆ ಅಂತ ಮೂರು ಲಕ್ಷ ಕೋಟಿ ರೂಪಾಯಿಗೂ ಹೆಚ್ಚಿನ ಯೋಜನೆ ತಂದಿತು. ಅದರ ಸುತ್ತ ಹೆಚ್ಚು ಮಾತಾದದ್ದು ಮೀಟರಿನ ಬಗ್ಗೆ. ಮೀಟರ್ ನಮ್ಮಿಂದ ಬರುವ ದುಡ್ಡನ್ನು ಅಳೆಯುತ್ತದೆ. ಟಿಸಿಯ ಆರೋಗ್ಯ ನಮಗೆ ಸಿಗುವ ಸೇವೆಯನ್ನು ಅಳೆಯುತ್ತದೆ. ಯಾವುದಕ್ಕೆ ಅವಸರ ಇದೆ ಅಂತ ನೀವೇ ನೋಡಿ.

ಕಾನೂನು ಮಾತ್ರ ನಮ್ಮ ಕಡೆ ಇದೆ. ಕೆಇಆರ್‌ಸಿ, ಅಂದರೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದ ಸೇವಾ ಗುಣಮಟ್ಟದ ನಿಯಮಗಳ ಪ್ರಕಾರ, ಸುಟ್ಟ ವಿತರಣಾ ಟ್ರಾನ್ಸ್‌ಫಾರ್ಮರನ್ನು ಪಟ್ಟಣದಲ್ಲಿ 24 ಗಂಟೆಯೊಳಗೆ, ಹಳ್ಳಿಯಲ್ಲಿ 72 ಗಂಟೆಯೊಳಗೆ ಬದಲಿಸಬೇಕು. ಹಳ್ಳಿಯವರ ಕತ್ತಲೆ ಪಟ್ಟಣದವರದ್ದಕ್ಕಿಂತ ಮೂರು ಪಟ್ಟು ಸಹನೀಯ ಅಂತ ಯಾರು ತೀರ್ಮಾನಿಸಿದರೋ, ಅದು ಬೇರೆ ಚರ್ಚೆ. 2003ರ ವಿದ್ಯುತ್ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಗುಣಮಟ್ಟ ತಪ್ಪಿದರೆ ಗ್ರಾಹಕರಿಗೆ ಪರಿಹಾರ ಕೊಡಬೇಕು. 59ನೇ ಸೆಕ್ಷನ್ ಪ್ರಕಾರ ಕಂಪನಿಗಳು ತಮ್ಮ ಸೇವೆಯ ಮಾಹಿತಿಯನ್ನು ಆಯೋಗಕ್ಕೆ ಕೊಡಬೇಕು, ಆಯೋಗ ವರ್ಷಕ್ಕೊಮ್ಮೆಯಾದರೂ ಅದನ್ನು ಪ್ರಕಟಿಸಬೇಕು. ಹೆಸ್ಕಾಂ ಸರ್ಕಾರಿ ಕಂಪನಿ, ಮಾಹಿತಿ ಹಕ್ಕು ಕಾಯ್ದೆಗೆ ಒಳಪಟ್ಟದ್ದು. ದರ ಏರಿಸುವ ಮುನ್ನ ಕೆಇಆರ್‌ಸಿ ನಡೆಸುವ ವಿಚಾರಣೆಯಲ್ಲಿ ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದು. ಅಲ್ಲಿ ಯೂನಿಟ್ಟಿಗೆ ಎಷ್ಟು ಪೈಸೆ ಎಂಬ ಪ್ರಶ್ನೆಯ ಜೊತೆ, ಕಳೆದ ವರ್ಷ ಕುಮಟಾದಲ್ಲಿ ಎಷ್ಟು ಟಿಸಿ ಸುಟ್ಟವು, ಯಾವ ಕಾರಣಕ್ಕೆ ಎಂಬ ಪ್ರಶ್ನೆಯೂ ಬರಬೇಕು.

ಸಂಶೋಧನೆ ಹೊಳೆಯ ಕಡೆ ಬರಲಿ

ವಿಜ್ಞಾನಕ್ಕೂ ಇಲ್ಲಿ ಕೆಲಸವಿದೆ. ದೇಶದ ವಿದ್ಯುತ್ ಉಪಕರಣಗಳನ್ನು ಪರೀಕ್ಷಿಸುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ಸಿಪಿಆರ್‌ಐ, 1960ರಿಂದ ಬೆಂಗಳೂರಿನಲ್ಲೇ ಇದೆ. ಮೈಸೂರು ರಸ್ತೆಯಲ್ಲಿ ರಾಜ್ಯ ಸರ್ಕಾರದ್ದೇ ಆದ ಕವಿಕಾ, ಅಂದರೆ ಕರ್ನಾಟಕ ವಿದ್ಯುತ್ ಕಾರ್ಖಾನೆ, ಟ್ರಾನ್ಸ್‌ಫಾರ್ಮರ್ ತಯಾರಿಸುತ್ತದೆ. ಕರಾವಳಿಯಲ್ಲೇ ಸುರತ್ಕಲ್‌ನ ಎನ್‌ಐಟಿಕೆ ಇದೆ. ಪರೀಕ್ಷಿಸುವವರು, ತಯಾರಿಸುವವರು, ಸಂಶೋಧಿಸುವವರು ಮೂವರೂ ರಾಜ್ಯದೊಳಗೇ ಇರುವುದು ಎಲ್ಲರಿಗೂ ಸಿಗುವ ಭಾಗ್ಯವಲ್ಲ. ಕರಾವಳಿಗೆ ಎಂಥ ಟಿಸಿ ಬೇಕು ಎಂಬ ಪ್ರಶ್ನೆಯನ್ನು ಇವರ ಮುಂದೆ ಇಟ್ಟು, ಅಘನಾಶಿನಿ ದಡದ ಕೆಲವು ಕಂಬಗಳಲ್ಲಿ ಸಾದಾ ಟಿಸಿ, ಸೀಲ್ಡ್ ಟಿಸಿ, ಬೇರೆ ಎಣ್ಣೆಯ ಟಿಸಿ ಪಕ್ಕಪಕ್ಕ ಇಟ್ಟು ಐದು ಮಳೆಗಾಲ ಅಳೆದು, ಬಂದ ಫಲಿತಾಂಶವನ್ನು ಕನ್ನಡದಲ್ಲಿ ಎಲ್ಲರಿಗೂ ಸಿಗುವಂತೆ ಪ್ರಕಟಿಸಲಿ.

ಬೇರೆ ಎಣ್ಣೆ ಅಂದದ್ದು ಸಸ್ಯಜನ್ಯ ಎಸ್ಟರ್ ಎಣ್ಣೆ. ಖನಿಜ ಎಣ್ಣೆಯ ಆವಿ ಸುಮಾರು 140 ಡಿಗ್ರಿಯಲ್ಲಿ ಕಿಡಿಗೆ ಹೊತ್ತಿಕೊಳ್ಳುತ್ತದೆ, ಎಸ್ಟರ್ ಎಣ್ಣೆ ಹೊತ್ತಿ ಉರಿಯಲು 300 ಡಿಗ್ರಿ ದಾಟಬೇಕು. ಅದು ಹೆಚ್ಚು ನೀರನ್ನು ತಾಳಿಕೊಳ್ಳುತ್ತದೆ, ಸೋರಿದರೆ ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ. ಗಾಳಿ ತಾಗಿದರೆ ಕೆಡುತ್ತದೆ, ಹಾಗಾಗಿ ಸೀಲ್ಡ್ ಟ್ಯಾಂಕ್ ಬೇಕು, ಬೆಲೆಯೂ ಜಾಸ್ತಿ. ಹಲವು ದೇಶಗಳಲ್ಲಿ ಈಗಾಗಲೇ ಕಂಬದ ಮೇಲಿದೆ. ಹೊಂಗೆ ಎಣ್ಣೆಯನ್ನು ಹೀಗೆ ಬಳಸುವ ಪ್ರಯೋಗಗಳು ನಮ್ಮ ದೇಶದಲ್ಲಿ ನಡೆದಿವೆ. ಒಂದು ಕಾಲಕ್ಕೆ ದೀಪ ಉರಿಸಿದ ಹೊನ್ನೆ ಎಣ್ಣೆಯ ಮರ ಈ ಕರಾವಳಿಯ ಉದ್ದಕ್ಕೂ ಇದೆ. ನ್ಯಾನೋ ಕಣಗಳ ಸಂಶೋಧನೆಯೂ ಇಂಥ ಎಣ್ಣೆಗಳ ಜೊತೆಗೇ ಮುಂದುವರಿಯಲಿ. ಲ್ಯಾಬಿನಲ್ಲಿ ಮುಗಿಯದೆ ಉಪ್ಪು ಗಾಳಿಗೆ ಬಂದು ಉತ್ತರ ಹೇಳಲಿ.

ಅಲ್ಲಿಯವರೆಗೆ ಕೇಳಬೇಕಾದದ್ದು ಸಣ್ಣದು. ಪ್ರತಿ ಟಿಸಿಯ ಕಂಬಕ್ಕೆ ಒಂದು ಫಲಕ ಇರಲಿ. ಅದರಲ್ಲಿ ಎಷ್ಟು ಕೆವಿಎ, ಎಷ್ಟು ಮನೆ, ಎಣ್ಣೆ ಪರೀಕ್ಷಿಸಿದ ದಿನ, ಬಂದ ಬಿಡಿವಿ, ಹರಳು ಬದಲಿಸಿದ ದಿನ ಬರೆದಿರಲಿ. ಸುಟ್ಟರೆ ಕಾರಣವನ್ನೂ ಬರೆಯಲಿ. ಗ್ಯಾಸ್ ಸಿಲಿಂಡರಿನ ಮೇಲೆ, ಲಿಫ್ಟಿನ ಒಳಗೆ ಪರೀಕ್ಷೆಯ ದಿನಾಂಕ ಇರುತ್ತದೆ. ಇಡೀ ಊರಿನ ಕರೆಂಟು ಹೊತ್ತು ನಿಂತ ಡಬ್ಬಿಯ ಮೇಲೆ ಈಗ ಇರುವುದು ಅಪಾಯ ಎಂಬ ಕೆಂಪು ಅಕ್ಷರ ಮತ್ತು ಒಂದು ತಲೆಬುರುಡೆ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ನೀರಿನ ಜೊತೆಗೆ ಈ ಫಲಕದ ಠರಾವೂ ಒಂದು ಆಗಲಿ. ಕಾಗಾಲದಲ್ಲಿ ಶುರುವಾದರೆ ಉಳಿದ ಕರಾವಳಿಗೆ ಕೇಳಲು ಒಂದು ಉದಾಹರಣೆ ಸಿಗುತ್ತದೆ.